ಹಳೆಯ ರೈಫಲ್: ಇಟ್ಟುಕೊಳ್ಳುವುದೋ, ರಿಪೇರಿಗೆ ಕೊಡುವುದೋ, ಬದಲಿಸುವುದೋ?

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಲೈಸೆನ್ಸ್ ಇರುವ ಮನೆಯ ಕಪಾಟಿನಲ್ಲಿ ರೈಫಲ್ ಇದ್ದರೆ ಅದು ಸಾಮಾನ್ಯವಾಗಿ .315 ಬೋರಿನದು. ಅದರ ಮೈಕಟ್ಟು ಎರಡು ಮಹಾಯುದ್ಧಗಳಲ್ಲಿ ಸೈನಿಕರು ಹೊತ್ತ ಲೀ-ಎನ್‌ಫೀಲ್ಡ್ .303 ರೈಫಲಿನದೇ. ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆ ಅದೇ ಮಾದರಿಯ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ, ಹಿಡಿಯಿರುವ ಉಕ್ಕಿನ ತುಂಡು) ಮತ್ತು ರಿಸೀವರಿಗೆ (ಬೋಲ್ಟ್ ಓಡಾಡುವ ಚೌಕಟ್ಟು) ಬೇರೆ ಅಳತೆಯ ನಳಿಗೆ ಕೂರಿಸಿ ನಾಗರಿಕರಿಗೆ ಕೊಟ್ಟಿತು. ಹಾಗಾಗಿ ಹಳೆಯ ಮಿಲಿಟರಿ ರೈಫಲಿಗೆ ಬರುವ ರೋಗಗಳೆಲ್ಲ ಇದಕ್ಕೂ ಬರುತ್ತವೆ. ತಂದೆಯಿಂದ ಬಂದ ಇಂಥ ರೈಫಲನ್ನು ಏನು ಮಾಡುವುದು, ಅಥವಾ ಪರಿಚಯದವರು ಮಾರುತ್ತಿರುವುದನ್ನು ಕೊಳ್ಳಬಹುದೇ ಎಂದು ಕೇಳುವವರು ಹೆಚ್ಚಾಗಿ ನಳಿಗೆಯ ಹೊಳಪಿನಿಂದ ಮಾತು ಶುರು ಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಬೋಲ್ಟ್ ಬಿಗಿಯಾಗಿದ್ದು ನಳಿಗೆ ಮಂಕಾಗಿರುವ ರೈಫಲು ಕೆಲಸಕ್ಕೆ ಬರುತ್ತದೆ. ನಳಿಗೆ ಕನ್ನಡಿಯಂತಿದ್ದು ಬೋಲ್ಟ್ ಸಡಿಲಾಗಿರುವುದು ಮುಖದ ಹತ್ತಿರ ಹಿಡಿಯುವಂಥದ್ದಲ್ಲ.

ತೂಗಬೇಕಾದ ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಬೋಲ್ಟಿನ ಬಿಗಿ, ಆಮೇಲೆ ನಳಿಗೆ, ಆಮೇಲೆ ಕಾಡತೂಸು ತುಂಬಿ, ಸಿಡಿದು, ಹೊರಬೀಳುವ ಓಟ, ಕೊನೆಗೆ ನಿಮ್ಮ ಕೆಲಸ. ಮೊದಲ ಎರಡರಲ್ಲಿ ಒಂದು ತಪ್ಪಿದರೂ ಮುಂದಿನದನ್ನು ನೋಡುವ ಅಗತ್ಯವಿಲ್ಲ.

ಕಾಗದ

ಲೈಸೆನ್ಸಿನಲ್ಲಿ ಬರೆದ ಬೋರು, ನಂಬರು ಮತ್ತು ಲೋಹದ ಮೇಲೆ ಒತ್ತಿದ ಬೋರು, ನಂಬರು ಅಕ್ಷರಶಃ ಒಂದೇ ಇರಬೇಕು. .303 ಅಥವಾ 7.62 ಮಿ.ಮೀ. ಬೋರಿನ, ಇಲ್ಲವೇ ಆ ಅಳತೆಯ ಸೈನ್ಯದ ಕಾಡತೂಸು ಕೂರುವ ಯಾವುದೇ ಬೋಲ್ಟ್ ರೈಫಲು ನಮ್ಮಲ್ಲಿ ನಿಷಿದ್ಧ ಬೋರಿನ ಪಟ್ಟಿಯಲ್ಲಿದೆ. ಸಾಮಾನ್ಯ ಲೈಸೆನ್ಸಿನಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅಮೆರಿಕದಂಥ ದೇಶಗಳಲ್ಲಿ ಮಿಲಿಟರಿ ಬಿಟ್ಟ .303 ಅಂಗಡಿಯಲ್ಲಿ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಅಟ್ಟದ ಮೇಲೆ ಅಂಥದ್ದೊಂದು ಕಂಡರೆ ನಳಿಗೆಯ ಸ್ಥಿತಿ ಯೋಚಿಸುವ ಮೊದಲು ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಠಾಣೆಗೆ ತಿಳಿಸಿ.

ಲೈಸೆನ್ಸುದಾರರು ತೀರಿಕೊಂಡಿದ್ದರೆ ವಾರಸುದಾರರು ಬಂದೂಕನ್ನು ಮನೆಯಲ್ಲೇ ಇಟ್ಟುಕೊಂಡು ಅರ್ಜಿಗೆ ಕಾಯುವಂತಿಲ್ಲ. ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ ಬಳಿಯೋ ಠೇವಣಿ ಇಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು, ವಾರಸಿನಿಂದ ಬಂದದ್ದಾದರೂ ಅಷ್ಟೇ. ಈಗಾಗಲೇ ಎರಡಿದ್ದವರಿಗೆ ಅಜ್ಜನ ರೈಫಲು ಬೇಕೆಂದರೆ ಒಂದನ್ನು ಬಿಡಬೇಕಾಗುತ್ತದೆ. ಈ ಹೋಲಿಕೆ ಮುಖ್ಯವಾಗಿ ಅಂಥವರಿಗೇ.

ಇನ್ನೊಂದು ಬಲೆ: ಹಳೆಯದನ್ನು ಹೊಸದರಂತೆ ಕಾಣಿಸಲು ಪಾಲಿಶ್ ಮಾಡಿಸಿ ಕಪ್ಪು ಬಣ್ಣ ಹಿಡಿಸುವ ರೂಢಿ. ಉಜ್ಜಿದಾಗ ನಂಬರು ಸವೆದುಹೋಗುತ್ತದೆ. ಗುರುತಿನ ಸಂಖ್ಯೆ ಓದಲಾಗದ ಬಂದೂಕಿನ ಮಾರಾಟ, ವರ್ಗಾವಣೆ ಎರಡಕ್ಕೂ ಕಾಯ್ದೆಯ ಅಡ್ಡಿ ಇದೆ. ಹಳೆಯ ಬಣ್ಣ ಮಾಸಿ ಕಂದಾಗಿದ್ದರೆ ಹಾಗೇ ಇರಲಿ, ಅದು ದೋಷವಲ್ಲ.

ಬೋಲ್ಟಿನ ಬಿಗಿ

ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದೆಳೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಿನಿಂದ ಒಮ್ಮೆ, ಕಿರುಬೆರಳಿನಿಂದ ಒಮ್ಮೆ ನೋಡಿ. ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಂದು, ಅದರ ತಲೆಯನ್ನು ಮೇಲಕ್ಕೆ ಚಿಮ್ಮಿಸಿದರೆ ಇಡೀ ಬೋಲ್ಟ್ ಹಿಂದಿನಿಂದ ಹೊರಬರುತ್ತದೆ. ಹಿಡಿಯ ಹಿಂಬದಿಯಲ್ಲಿ ಒತ್ತಿದ ನಂಬರು ರಿಸೀವರಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ಬೇರೆ ರೈಫಲಿನ ಬೋಲ್ಟ್ ಬಂದು ಸೇರಿದೆ ಎಂದರ್ಥ. ಈ ಜಾತಿಯಲ್ಲಿ ಬೋಲ್ಟು ಪ್ರತಿ ರೈಫಲಿಗೂ ಕೈಯಿಂದ ಹೊಂದಿಸಿದ್ದು, ಹೊಂದದ ಬೋಲ್ಟಿನೊಂದಿಗೆ ಸಿಡಿಸುವುದು ಜೂಜು.

ಬೋಲ್ಟಿನ ಮುಖಕ್ಕೂ ಕಾಡತೂಸು ಮುಂದೆ ಹೋಗದಂತೆ ತಡೆಯುವ ಚೇಂಬರಿನ ಜಾಗಕ್ಕೂ ಇರುವ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. .303 ಮತ್ತು .315 ಎರಡರ ಕಾಡತೂಸಿಗೂ ಬುಡದಲ್ಲಿ ಅಂಚು ಇರುವುದರಿಂದ ಈ ಅಳತೆ ಆ ಅಂಚಿನ ದಪ್ಪದ ಮೇಲೆ ನಿಂತಿದೆ. ಸೈನ್ಯ .303ಕ್ಕೆ ಇಟ್ಟಿದ್ದ ಮಿತಿ 0.064ರಿಂದ 0.074 ಇಂಚು. .315ಕ್ಕೆ ಅದರದೇ ಗೇಜು (ಅಳತೆ ನೋಡುವ ಉಕ್ಕಿನ ತುಂಡು) ಬೇಕು, .303ರ ಗೇಜನ್ನು ತುರುಕಿ ತೀರ್ಪು ಕೊಡುವವರ ಮಾತು ನಂಬಬೇಡಿ.

ಗೇಜು ಸಿಗದಿದ್ದರೆ ಸಿಡಿದ ಕಾಡತೂಸಿನ ಖಾಲಿ ಕೇಸು ಕತೆ ಹೇಳುತ್ತದೆ. ಅದೇ ರೈಫಲಿನಲ್ಲಿ ಸಿಡಿದ ಕೇಸನ್ನು ಬಿಸಿಲಿಗೆ ಹಿಡಿದು ಬುಡದಿಂದ ಸುಮಾರು 1 ಸೆಂ.ಮೀ. ಮೇಲೆ ನೋಡಿ. ಲೀ-ಎನ್‌ಫೀಲ್ಡಿನ ಬೋಲ್ಟು ಹಿಂಭಾಗದಲ್ಲಿ ಕಚ್ಚಿಕೊಳ್ಳುವುದರಿಂದ ಸಿಡಿದಾಗ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಮಸುಕಾದ ಉಂಗುರವೊಂದು ಕಂಡರೆ ಹೆದರಬೇಕಿಲ್ಲ. ಉಂಗುರ ಬೆಳ್ಳಗೆ ಹೊಳೆಯುತ್ತಿದ್ದರೆ ಸಣ್ಣ ತಂತಿಯ ತುದಿಯನ್ನು ಬಗ್ಗಿಸಿ ಕೇಸಿನ ಒಳಗೋಡೆಯ ಮೇಲೆ ಬುಡದಿಂದ ಬಾಯಿಯ ಕಡೆಗೆ ಎಳೆಯಿರಿ. ತಂತಿ ಒಂದು ತೋಡಿನಲ್ಲಿ ಸಿಕ್ಕಿದಂತೆ ತಡೆದರೆ ಹಿತ್ತಾಳೆ ಅಲ್ಲಿ ತೆಳುವಾಗಿದೆ. ಮುಂದಿನ ಹಂತದಲ್ಲಿ ಕೇಸು ಅಲ್ಲೇ ತುಂಡಾಗಿ, ಬಿಸಿ ಗಾಳಿ ಹಿಂದಕ್ಕೆ ಮುಖದ ಕಡೆ ಬರುತ್ತದೆ. ಅಲ್ಲಿಗೆ ಆ ರೈಫಲಿನ ಬಳಕೆ ನಿಲ್ಲಿಸಿ.

ಟ್ರಿಗರಿನದು ಎರಡು ನಿಮಿಷದ ಕೆಲಸ. ಖಾಲಿ ರೈಫಲನ್ನು ಕಾಕ್ ಮಾಡಿ ಹಿಂಬದಿಯ ಮರವನ್ನು ಅಂಗೈಯಿಂದ ಗಟ್ಟಿಯಾಗಿ ಗುದ್ದಿ, ಕಾಡತೂಸು ಸಿಡಿಸುವ ಪಿನ್ನು ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಿ, ಸೇಫ್ಟಿ ತೆಗೆಯಿರಿ, ಆಗಲೂ ಬೀಳಬಾರದು. ಮಿಲಿಟರಿ ಟ್ರಿಗರಿಗೆ ಎರಡು ಹಂತದ ಎಳೆತ ಇರುತ್ತದೆ. ಒಂದೇ ಹಂತದಲ್ಲಿ ಹಗುರಾಗಿ ಬಿದ್ದರೆ ಯಾರೋ ಒಳಗೆ ಅರ ಹಾಕಿದ್ದಾರೆ.

ನಳಿಗೆ

ಕೊಳೆ ತುಂಬಿದ ನಳಿಗೆಯನ್ನು ನೋಡಿ ಬೆಲೆ ಕಟ್ಟಬೇಡಿ, ಎಣ್ಣೆ ತುಂಬಿದ ನಳಿಗೆಯನ್ನು ನೋಡಿ ಮೊದಲೇ ಬೇಡ. ಎಣ್ಣೆ ಕುಳಿಗಳನ್ನು ಮುಚ್ಚಿ ಹೊಳಪು ಕೊಡುತ್ತದೆ, ಮಾರುವವರಿಗೂ ಅದು ಗೊತ್ತು. ಒಣ ಬಟ್ಟೆ ಎಳೆಸಿ, ಆಮೇಲೆ ನೋಡಿ. ಬೋಲ್ಟ್ ಹೊರತೆಗೆದು ನಳಿಗೆಯ ಬಾಯಿಯನ್ನು ಬಿಳಿ ಗೋಡೆಗೋ ಆಕಾಶಕ್ಕೋ ಹಿಡಿದು ಹಿಂಬದಿಯಿಂದ ಕಣ್ಣಿಡಿ, ಆಮೇಲೆ ತಿರುಗಿಸಿ ಬಾಯಿಯಿಂದ. ಏನೂ ಕಾಣದಿದ್ದರೆ ಗಾಬರಿ ಬೇಡ: ವರ್ಷಗಟ್ಟಲೆ ನಿಂತ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದು ನಮ್ಮ ಕಡೆ ಮಾಮೂಲು. ಅದನ್ನು ಗಮನಿಸದೆ ಸಿಡಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಎಂದೋ ಹಾಗೆ ಉಬ್ಬಿದ್ದರೆ ಒಳಗೆ ಕಪ್ಪು ಉಂಗುರದಂಥ ನೆರಳು ಕಾಣುತ್ತದೆ, ಹೊರಗೆ ಬೆರಳಾಡಿಸಿದರೆ ಏರು ಸಿಗುತ್ತದೆ. ಆ ನಳಿಗೆಗೆ ಚಿಕಿತ್ಸೆಯಿಲ್ಲ.

ಉಳಿದದ್ದರಲ್ಲಿ ದರ್ಜೆ ಇದೆ. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳ ಅಂಚು ಚೂಪಾಗಿದ್ದು ಒಳಮೈ ಮಂಕಾಗಿದ್ದರೆ ಅದು ಒಳ್ಳೆಯ ನಳಿಗೆಯೇ. ಒರಟು ಮೈಗೆ ತಾಮ್ರ, ಮಸಿ ಬೇಗ ಹತ್ತುವುದರಿಂದ ತೊಳೆಯುವ ಕೆಲಸ ಹೆಚ್ಚು, ಅಷ್ಟೇ. ಗೀರಿನ ತಳದಲ್ಲಿ ಕುಳಿಗಳಿದ್ದು ಅಂಚು ಇನ್ನೂ ನಿಂತಿದ್ದರೆ ಹತ್ತಿರದ ಗುರಿಗೆ ಸಾಕು. ಅಂಚುಗಳೇ ದುಂಡಾಗಿ, ಬಾಯಿಯ ಹತ್ತಿರ ಗೀರು ಮಾಯವಾಗಿದ್ದರೆ ಗುಂಡು ಸರಿಯಾಗಿ ತಿರುಗದೆ ಅಡ್ಡಡ್ಡ ಹಾರುತ್ತದೆ, ಗುರಿಯ ಕಾಗದದ ಮೇಲೆ ದುಂಡು ತೂತಿನ ಬದಲು ಉದ್ದನೆಯ ತೂತು ಬೀಳುತ್ತದೆ.

ಸವೆತ ಎಲ್ಲಿದೆ ಎಂಬುದರಿಂದ ಕಾರಣ ತಿಳಿಯುತ್ತದೆ. ಚೇಂಬರಿನ ಮುಂದಿನ ಗಂಟಲು ಮಾತ್ರ ಸುಟ್ಟಂತಿದ್ದರೆ ಬಿಸಿಯ ಕೆಲಸ; .303ರ ಹಳೆಯ ಕಾಡತೂಸಿನಲ್ಲಿದ್ದ ಕಾರ್ಡೈಟ್ ಮದ್ದು ಬಹಳ ಬಿಸಿಯಾಗಿ ಉರಿಯುತ್ತಿತ್ತು. ಬಾಯಿಯಲ್ಲಿ ಒಂದೇ ಪಕ್ಕಕ್ಕೆ ಸವೆದಿದ್ದರೆ ನಳಿಗೆ ಒರೆಸುವ ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದೆಳೆದು ಆದದ್ದು. ಎರಡರಲ್ಲಿ ಬಾಯಿಯ ಸವೆತವೇ ಗುರಿಯನ್ನು ಹೆಚ್ಚು ಕೆಡಿಸುತ್ತದೆ. ರಷ್ಯನ್ನರು ತಮ್ಮ ಮೋಸಿನ್-ನಾಗಾಂಟ್ ರೈಫಲುಗಳಲ್ಲಿ ಸವೆದ ಬಾಯಿಯನ್ನು ಒಳಗಿನಿಂದ ಅಗಲವಾಗಿ ಕೊರೆದು, ಗುಂಡು ಸ್ವಲ್ಪ ಹಿಂದೆ ಚೆನ್ನಾಗಿರುವ ಅಂಚಿನಲ್ಲೇ ನಳಿಗೆ ಬಿಡುವಂತೆ ಮಾಡಿದರು. ಇಲ್ಲಿ ಊರಿನ ಲೇತ್ ಅಂಗಡಿಯಲ್ಲಿ ಅದನ್ನು ಮಾಡಿಸಲು ಹೋಗಬೇಡಿ. ಅಂಗಡಿಯವರಿಗೆ ಆ ಲೈಸೆನ್ಸ್ ಇರುವುದಿಲ್ಲ, ಅನುಮತಿಯಿಲ್ಲದೆ ನಳಿಗೆ ಮೊಟಕು ಮಾಡುವುದಂತೂ ಬೇರೆಯೇ ಅಪರಾಧ.

ಕುಳಿ ಬಿದ್ದದ್ದು ಏಕೆ ಎಂದು ತಿಳಿದರೆ ಮುಂದಿನದನ್ನು ತಡೆಯಬಹುದು. ಹಳೆಯ ಕಾಡತೂಸಿನ ಕೇಪಿನಲ್ಲಿ (ಪಿನ್ನು ಹೊಡೆಯುವ ಬುಡದ ಸಿಡಿಮದ್ದಿನ ಬಟ್ಟಲು) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಯೊಳಗೆ ಕೂರುತ್ತದೆ, ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಹಾಗಾಗಿ ಎಣ್ಣೆ ಹಚ್ಚಿಯೂ ತುಕ್ಕು ಬಂತು ಎನ್ನುವವರ ದೂರು ಸುಳ್ಳಲ್ಲ. ಕರಗಿಸುವುದು ನೀರು. ಹಳೆಯ ದಾಸ್ತಾನಿನ ಕಾಡತೂಸು ಸಿಡಿಸಿದ ದಿನವೇ ಬೋಲ್ಟ್ ತೆಗೆದು, ಬಾಯಿ ಕೆಳಗೆ ಮಾಡಿ, ಚೇಂಬರಿನ ಕಡೆಯಿಂದ ಆಲಿಕೆ ಇಟ್ಟು ಸುಮಾರು ಒಂದು ಲೀಟರ್ ಕುದಿನೀರು ಹರಿಸಿ. ಬಿಸಿಯಾದ ಲೋಹ ತಾನೇ ಬೇಗ ಒಣಗುತ್ತದೆ. ಮರದ ಸಂದಿಗೆ ನೀರು ಇಳಿಯದಂತೆ ಬಟ್ಟೆ ಸುತ್ತಿರಲಿ. ಒಣ ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಎಳೆದು ತೆಳುವಾಗಿ ಎಣ್ಣೆ ಹಚ್ಚಿ, ಮರುದಿನ ಮತ್ತೆ ಒರೆಸಿ ನೋಡಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಾಲುವೆ ಭತ್ತದ ಸೀಮೆಯಲ್ಲಿ ಗಾಳಿಯ ತೇವ ಹೆಚ್ಚು, ಅಲ್ಲಿ ತಿಂಗಳಿಗೊಮ್ಮೆ ನೋಡಬೇಕು. ಮಸ್ಕಿ, ಲಿಂಗಸುಗೂರಿನ ಒಣ ಹವೆಯಲ್ಲಿ ಬೇಸಿಗೆಯಿಡೀ ಮುಟ್ಟದಿದ್ದರೂ ನಡೆಯುತ್ತದೆ.

ತೊಳೆಯುವ ಸರಳು ಒಂದೇ ತುಂಡಿನದಿರಲಿ, ಹಿಂಬದಿಯಿಂದಲೇ ಹೋಗಲಿ. ಬ್ರಷ್ಷು ಕಂಚಿನದು. ಪಾತ್ರೆ ತಿಕ್ಕುವ ಉಕ್ಕಿನ ನಾರು ಸುತ್ತಿ ಉಜ್ಜಿದರೆ ಹೊಳಪು ಬರುತ್ತದೆ, ಗೀರಿನ ಅಂಚು ಹೋಗುತ್ತದೆ. ಹಸಿರು ಅಥವಾ ನೀಲಿ ಬಣ್ಣ ಬಟ್ಟೆಗೆ ಹತ್ತಿದರೆ ತಾಮ್ರ ಇಳಿಯುತ್ತಿದೆ ಎಂದು ತಿಳಿಯಿರಿ. ಅಮೋನಿಯಾ ಇರುವ ದ್ರಾವಣವನ್ನು ರಾತ್ರಿಯಿಡೀ ಬಿಡಬೇಡಿ, ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು.

ತುಂಬುವುದು, ಸಿಡಿಯುವುದು, ಹೊರಬೀಳುವುದು

ಕಾಡತೂಸು ಸಿಡಿಯದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ತಡವಾಗಿ ಸಿಡಿಯುವುದುಂಟು. ಆಮೇಲೆ ತೆಗೆದು ಕೇಪನ್ನು ನೋಡಿ. ಗುಳಿ ಆಳವಾಗಿದ್ದೂ ಸಿಡಿದಿಲ್ಲವಾದರೆ ಕಾಡತೂಸಿನ ತಪ್ಪು. ಗುಳಿ ಮೇಲುಮೇಲಾಗಿದ್ದರೆ ಬೋಲ್ಟಿನ ಒಳಗೆ ಗಟ್ಟಿಯಾದ ಹಳೆಯ ಗ್ರೀಸು, ಸೋತ ಸ್ಪ್ರಿಂಗು, ಸವೆದ ಪಿನ್ನು, ಈ ಕ್ರಮದಲ್ಲಿ ಅನುಮಾನಿಸಿ. ಸಂಡೂರು, ತೋರಣಗಲ್ಲು ಸುತ್ತಲಿನ ಅದಿರಿನ ಕೆಂಪು ಧೂಳು ಗ್ರೀಸಿಗೆ ಸೇರಿದರೆ ಸಾಣೆಯ ಪುಡಿಯಾಗುತ್ತದೆ. ಗ್ರೀಸನ್ನು ಟರ್ಪೆಂಟೈನಿನಲ್ಲಿ ತೊಳೆದು ತೆಳು ಎಣ್ಣೆಯ ಎರಡು ಹನಿ ಬಿಟ್ಟರೆ ಅರ್ಧಕ್ಕರ್ಧ ರೈಫಲುಗಳ ರೋಗ ಅಲ್ಲೇ ವಾಸಿ.

ಖಾಲಿ ಕೇಸು ಸಿಕ್ಕಿಕೊಂಡರೆ ಅಂಚನ್ನು ನೋಡಿ. ಕೇಸನ್ನು ಹೊರಗೆಳೆಯುವ ಬೋಲ್ಟಿನ ಕೊಕ್ಕೆ (ಎಕ್ಸ್‌ಟ್ರಾಕ್ಟರು) ಅಂಚನ್ನು ಹರಿದಿದ್ದರೆ ಚೇಂಬರಿನಲ್ಲಿ ತುಕ್ಕೋ ಒರಟೋ ಇದೆ. ಅಂಚು ಹಾಗೇ ಇದ್ದು ಕೊಕ್ಕೆ ಜಾರಿದ್ದರೆ ಎಕ್ಸ್‌ಟ್ರಾಕ್ಟರಿನ ಸಣ್ಣ ಪಟ್ಟಿ ಸ್ಪ್ರಿಂಗು ಸೋತಿದೆ. ರಾಯಚೂರಿನ ಮೇ ತಿಂಗಳಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾದ ಕಾಡತೂಸು ಹೆಚ್ಚು ಒತ್ತಡ ಕೊಟ್ಟು ಹೀಗೇ ಅಂಟಿಕೊಳ್ಳಬಹುದು, ಆಗ ರೈಫಲನ್ನು ದೂರಬೇಡಿ. ತುಂಬುವಾಗ ಸಿಕ್ಕಿದರೆ ಮೊದಲ ಅನುಮಾನ ಅಂಚಿನ ಮೇಲೆ: ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು, ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಆಮೇಲೆ ಮ್ಯಾಗಜಿನ್ ತುಟಿ ಬಗ್ಗಿದೆಯೇ ಎಂಬುದು. ಈ ಪರೀಕ್ಷೆಗೆ ಡಮ್ಮಿ ಕಾಡತೂಸು ಬಳಸಿ, ಮನೆಯಲ್ಲಿ ಜೀವಂತ ಕಾಡತೂಸು ಓಡಿಸಿ ನೋಡುವುದು ಬೇಡ. ಗುರಿ ನೋಡುವುದಿದ್ದರೆ ಅನುಮತಿಯಿರುವ ರೇಂಜಿನಲ್ಲಿ ಮಾತ್ರ, ಹೊಲದ ಬದುವಿನಲ್ಲಿ ಅಲ್ಲ.

ಈಗ ಆಯ್ಕೆಗಳು

ತೊಳೆದು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಬೋಲ್ಟ್ ಬಿಗಿ, ನಂಬರು ತಾಳೆ, ನಳಿಗೆ ಮಂಕಾದರೂ ಅಂಚು ಚೂಪು ಎಂದಾದರೆ ಬೇರೆ ಯೋಚನೆಯೇ ಬೇಡ. ಖರ್ಚು ಒಂದು ಸರಳು, ಬ್ರಷ್ಷು, ದ್ರಾವಣ, ಎಣ್ಣೆಯದ್ದು. ಹಳೆಯ ಈಶಾಪುರದ ಕೆಲಸಗಾರಿಕೆ ಹೊಸದಕ್ಕಿಂತ ಕಡಿಮೆಯೇನಲ್ಲ, ಮರವಂತೂ ಅನೇಕ ಸಲ ಮೇಲು.

ರಿಪೇರಿಯಲ್ಲಿ ಯಾವುದಕ್ಕೆ ಹಣ ಹಾಕಬೇಕು ಎಂಬ ವಿವೇಚನೆ ಬೇಕು. ಸ್ಪ್ರಿಂಗು, ಎಕ್ಸ್‌ಟ್ರಾಕ್ಟರು, ಮ್ಯಾಗಜಿನ್ನಿಗೆ ಧೈರ್ಯವಾಗಿ ಹಾಕಿ. ಮುಂಭಾಗದ ಮರ ಟ್ರಿಗರ್ ಗಾರ್ಡಿನ ಬಳಿ ಸೀಳಿದ್ದರೆ ಅದಕ್ಕೂ ಹಾಕಿ, ಏಕೆಂದರೆ ಲೀ-ಎನ್‌ಫೀಲ್ಡಿನಲ್ಲಿ ಮರ ಸಡಿಲಾದರೆ ನಳಿಗೆ ಎಷ್ಟು ಚೆನ್ನಾಗಿದ್ದರೂ ಗುಂಡು ದಿನಕ್ಕೊಂದು ಕಡೆ ಬೀಳುತ್ತದೆ. ಈಶಾಪುರದವರು ಮರ ಸೀಳದಿರಲೆಂದೇ ಅಡ್ಡಕ್ಕೆ ಒಂದು ಸ್ಕ್ರೂ ಹಾಕುತ್ತಿದ್ದರು, ಅದನ್ನು ಕಂಡು ಯಾರೋ ತೇಪೆ ಹಾಕಿದ್ದಾರೆ ಎಂದುಕೊಳ್ಳಬೇಡಿ. ಬೋಲ್ಟ್ ಬದಲಿಗೆ ಗೇಜು ಇಟ್ಟುಕೊಂಡ, ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಮಾತ್ರ ಹೋಗಿ. ನಳಿಗೆ ಬದಲಿಯನ್ನು ನಾವು ಸಾಮಾನ್ಯವಾಗಿ ಬೇಡವೆನ್ನುತ್ತೇವೆ: ಅನುಮತಿ, ಓಡಾಟ, ಖರ್ಚು ಸೇರಿದರೆ ಹೊಸದರ ದಾರಿಯೇ ಹತ್ತಿರ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಎನಿಸುತ್ತದೆ, ಆದರೆ ಲೈಸೆನ್ಸಿನ ವ್ಯಾಪ್ತಿ ರಾಜ್ಯಕ್ಕೆ ಸೀಮಿತವಾಗಿದ್ದರೆ ತೆಲಂಗಾಣದ ಗಡಿ ದಾಟಿದ ಕ್ಷಣ ನಿಮ್ಮ ಕೈಯಲ್ಲಿರುವುದು ಅಕ್ರಮ ಆಯುಧ. ಅದನ್ನು ಮೊದಲು ಓದಿಕೊಳ್ಳಿ.

ಹೊಸದು ಕೊಳ್ಳುವವರಿಗೆ .315 ಅಥವಾ .30-06. ಎರಡನೆಯದು ಹೆಚ್ಚು ಬಲದ್ದು, ದೂರದ ಗುರಿಗೆ ಹಸನು, ಆದರೆ ಕಾಡತೂಸು ದುಬಾರಿ ಮತ್ತು ಎಲ್ಲ ಡೀಲರ ಬಳಿ ಇರುವುದಿಲ್ಲ. .315ರ ಕಾಡತೂಸು ಪುಣೆ ಹತ್ತಿರದ ಖಡಕಿ ಕಾರ್ಖಾನೆಯದು, ಅದಕ್ಕೆ ಹುಡುಕಾಟ ಕಡಿಮೆ. ಬೇಟೆಯ ಕಾಲದ ವಿಲಾಯತಿ ಮೌಸರ್ ಮಾದರಿಯ ರೈಫಲುಗಳು ಮಾರಾಟಕ್ಕೆ ಬಂದಾಗ ಮನಸ್ಸು ಸೋಲುತ್ತದೆ. ಅವುಗಳ ಬೋಲ್ಟು ಮುಂಭಾಗದಲ್ಲೇ ಕಚ್ಚಿಕೊಳ್ಳುವುದರಿಂದ ಎನ್‌ಫೀಲ್ಡಿಗಿಂತ ಗಟ್ಟಿ. ಆದರೆ ಕಾಡತೂಸು ಎಲ್ಲಿ ಸಿಗುತ್ತದೆ ಎಂದು ಡೀಲರಿಂದ ಲಿಖಿತವಾಗಿ ತಿಳಿಯದೆ ಮುಂಗಡ ಕೊಡಬೇಡಿ.

ನಾಲ್ಕನೆಯ ದಾರಿ, ರೈಫಲನ್ನೇ ಬಿಟ್ಟು ಚರೆ ಸಿಡಿಸುವ 12 ಬೋರಿನ ಬಂದೂಕಿಗೆ ಹೋಗುವುದು. ಬ್ಯಾಂಕು, ಎಟಿಎಂ ಕಾವಲಿಗೆ ಸೇರಬೇಕೆಂದಿರುವ ಮಾಜಿ ಸೈನಿಕರು ಇದನ್ನೇ ಆರಿಸಲಿ, ಅಲ್ಲಿ ಸಾಮಾನ್ಯವಾಗಿ ಕೇಳುವುದು ಒಂಟಿ ಅಥವಾ ಜೋಡು ನಳಿಗೆಯ 12 ಬೋರನ್ನೇ. ಬೆಳೆ ಕಾಯುವವರಿಗೂ ಅದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ರೈಫಲಿನ ಗುಂಡು ಎರಡು ಕಿ.ಮೀ.ಗೂ ಆಚೆ ಹೋಗಬಲ್ಲದು. ಎರೆಭೂಮಿಯ ಬಯಲಿನಲ್ಲಿ ಅದನ್ನು ತಡೆಯುವ ದಿಬ್ಬವಿಲ್ಲ, ಆನೆಗೊಂದಿ ಕಡೆಯ ಬಂಡೆಗಳಿಗೆ ತಗುಲಿದರೆ ಎತ್ತ ಚಿಮ್ಮುತ್ತದೋ ಹೇಳಲಾಗದು. ಸಣ್ಣ ಚರೆ ಕೆಲವು ನೂರು ಮೀಟರಿನಲ್ಲಿ ಬಿದ್ದುಹೋಗುತ್ತದೆ, ಪರಿಣಾಮ ಮಾತ್ರ 35–40 ಮೀಟರಿನೊಳಗೆ. ಸದ್ದಿಗೇ ಹಂದಿ ಓಡಿದರೆ ಸಾಕಲ್ಲವೇ? ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿಗೆ ಗುರಿಯಿಡುವ ಹಕ್ಕು ಬರುವುದಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇರೆಯೇ. ದರೋಜಿ ಸುತ್ತಲಿನ ಕರಡಿಯಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯದು.

ಹಳೆಯ ಜೋಡುನಳಿಗೆ ಕೊಳ್ಳುವಾಗ ಮೂರು ಪರೀಕ್ಷೆ. ಮುಂಭಾಗದ ಮರ ಕಳಚಿ, ನಳಿಗೆ ಮುಚ್ಚಿದ ಸ್ಥಿತಿಯಲ್ಲಿ ಅಲುಗಾಡಿಸಿ, ಕಟಕಟ ಎನ್ನಬಾರದು. ನಳಿಗೆ ತೆರೆಯಲು ತಿರುಗಿಸುವ ಮೇಲಿನ ಕೀಲಿ ಮುಚ್ಚಿದಾಗ ನಡುವಿಗೋ ಸ್ವಲ್ಪ ಬಲಕ್ಕೋ ನಿಲ್ಲಬೇಕು, ಎಡಕ್ಕೆ ದಾಟಿದ್ದರೆ ಸವೆದಿದೆ. ನಳಿಗೆ ಜೋಡಿಯನ್ನು ಬೇರ್ಪಡಿಸಿ ಬೆರಳಿಗೆ ತೂಗುಹಾಕಿ ಉಗುರಿನಿಂದ ಹೊಡೆದರೆ ಗಂಟೆಯ ನಾದ ಬರಬೇಕು, ಬೊದ್ದು ಸದ್ದು ಬಂದರೆ ಎರಡು ನಳಿಗೆ ಕೂಡಿಸುವ ನಡುಪಟ್ಟಿ ಬಿಟ್ಟಿದೆ. ಹಳೆಯ ವಿಲಾಯತಿ ಬಂದೂಕಿನ ಚೇಂಬರು 65 ಮಿ.ಮೀ. ಇರಬಹುದು, ಅದಕ್ಕೆ 70 ಮಿ.ಮೀ.ಯ ಕಾಡತೂಸು ಹಾಕಿದರೆ ಕೂರುತ್ತದೆ, ಆದರೆ ಸಿಡಿದಾಗ ಕಾಡತೂಸಿನ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಮೈಮೇಲೆ ಸುರುಳಿ ನೇಯ್ಗೆಯ ಚಿತ್ತಾರ ಕಂಡರೆ ಅದು ಡಮಾಸ್ಕಸ್, ಕರಿಮದ್ದಿನ ಕಾಲದ್ದು. ಗೋಡೆಗೆ ಚೆಂದ, ಇಂದಿನ ಕಾಡತೂಸಿಗೆ ಬೇಡ.

ನೆನಪಿಗಾಗಿ ಮಾತ್ರ ಇಟ್ಟುಕೊಳ್ಳುವವರು ನಳಿಗೆ ಕೆಟ್ಟಿದ್ದರೂ ಚಿಂತಿಸಬೇಕಿಲ್ಲ, ಆದರೆ ಸಿಡಿಸುವುದಿಲ್ಲ ಎಂಬ ಕಾರಣಕ್ಕೆ ಲೈಸೆನ್ಸಿನ ನವೀಕರಣ ತಪ್ಪುವುದಿಲ್ಲ, ಎರಡರ ಮಿತಿಯಲ್ಲಿ ಒಂದು ಜಾಗವನ್ನೂ ಅದು ತಿನ್ನುತ್ತದೆ. ಮುಂದೆ ಕೆಲಸಕ್ಕೆ ಬರುವ ಬಂದೂಕು ಬೇಕಾಗಬಹುದು ಎಂದಾದರೆ ಡೀಲರಿಗೆ ಕೊಟ್ಟು ರಸೀದಿ ಪಡೆಯುವುದೇ ಸರಿ.

ಯಾವುದನ್ನೇ ಆರಿಸಿದರೂ ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರಬಹುದು, ಅಲ್ಲಿ ವಾರಗಟ್ಟಲೆ ನಿಂತ ಬಂದೂಕಿಗೆ ಯಾರೂ ಎಣ್ಣೆ ಹಚ್ಚುವುದಿಲ್ಲ. ಕೊಡುವ ಹಿಂದಿನ ದಿನ ನಳಿಗೆಗೆ, ಚೇಂಬರಿಗೆ ಎಂದಿಗಿಂತ ದಪ್ಪವಾಗಿ ಎಣ್ಣೆ ಸವರಿ, ಬೋಲ್ಟಿನ ನಂಬರೂ ಸೇರಿದಂತೆ ರಸೀದಿಯಲ್ಲಿ ಬರೆಸಿಕೊಳ್ಳಿ. ನಳಿಗೆಯ ಬಾಯಿಗೆ ಬಟ್ಟೆ ತುರುಕಬೇಡಿ. ಅದು ತೇವ ಹಿಡಿಯುತ್ತದೆ, ಮರೆತರೆ ಉಬ್ಬಿಗೆ ದಾರಿ. ವಾಪಸು ತಂದ ದಿನವೇ ಬೋಲ್ಟ್ ತೆಗೆದು ನಂಬರು ತಾಳೆ ನೋಡಿ, ಒಣ ಬಟ್ಟೆ ಎಳೆದು ಎಣ್ಣೆಯನ್ನೆಲ್ಲ ತೆಗೆಯಿರಿ. ದಪ್ಪ ಎಣ್ಣೆ ತುಂಬಿದ ನಳಿಗೆಯಲ್ಲಿ ಸಿಡಿಸಿದರೂ ಒತ್ತಡ ಏರುತ್ತದೆ.